ಹೊಲವೋ, ದುಡ್ಡೋ? ಸಂಚಕಾರ ಪತ್ರದಲ್ಲೇ ಬರೆಸಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೊಲದ ವ್ಯವಹಾರ ಕುದುರಿತೆಂದರೆ ಸಂಚಕಾರ ಪತ್ರ ಆಗುತ್ತದೆ. ಅದರಲ್ಲಿ ಇಂಥದೊಂದು ಸಾಲು ಬಂತೆನ್ನಿ: 'ಮಾರುವವರು ತಪ್ಪಿದರೆ ಸಂಚಕಾರದ ಎರಡು ಪಟ್ಟು ಕೊಡತಕ್ಕದ್ದು.' ಮಾರುವವ 'ಎರಡು ಪಟ್ಟು ಕೊಟ್ಟರಾತು, ಹೊಲ ನಂದೇ' ಅಂದುಕೊಳ್ಳುತ್ತಾನೆ. ಕೊಳ್ಳುವವ 'ಹೊಲ ಬಂದೇ ಬರ್ತದ' ಅಂದುಕೊಳ್ಳುತ್ತಾನೆ. ದರ ಏರಿದ ದಿನ ಇಬ್ಬರೂ ಕೋರ್ಟಿನ ಮೆಟ್ಟಿಲಲ್ಲಿ.

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 23ನೇ ಕಲಂ ಈ ಗಂಟನ್ನು ಬಿಡಿಸುತ್ತದೆ. ಆ ದುಡ್ಡು ಮಾತು ತಪ್ಪದಿರಲಿ ಎಂದು ಹಾಕಿದ ಬಿಗಿ ಮಾತ್ರವಾಗಿದ್ದರೆ, ದುಡ್ಡು ಕೊಡುತ್ತೇನೆಂದರೂ ಕೋರ್ಟು 'ಖರೀದಿ ಪತ್ರ ಮಾಡಿಕೊಡು' ಎನ್ನಬಹುದು. ಹೊಲ ಇಲ್ಲವೇ ದುಡ್ಡು ಎಂದು ಮಾರುವವನಿಗೆ ಆಯ್ಕೆ ಬಿಟ್ಟಿದ್ದರೆ, 'ಹೊಲವೇ ಬೇಕು' ಎಂಬ ಹಟ ನಡೆಯದು. ಇದು ಯಾವುದೆಂದು ಕೋರ್ಟು ಪತ್ರದ ಮಾತು, ಆಗಿನ ಸಂದರ್ಭ ನೋಡಿ ತೀರ್ಮಾನಿಸುತ್ತದೆ.

ಹಳೆಯ ನಮೂನೆ ನಕಲು ಮಾಡಿಸಿ ಹೆಬ್ಬೆಟ್ಟು ಒತ್ತುವುದು ಸಾಕು ಎನ್ನುತ್ತೇವೆ ನಾವು. ಮೂರು ಸಂಗತಿ ಬರೆಸಿ: ಆಯ್ಕೆ ಇದೆಯೋ ಇಲ್ಲವೋ, ಇದ್ದರೆ ಯಾರದು, ಯಾವ ತಾರೀಖಿನೊಳಗೆ ತಿಳಿಸಬೇಕು. ಆಯ್ಕೆ ಇಲ್ಲವೆಂದರೆ 'ದಂಡ ಕೊಟ್ಟರೂ ಖರೀದಿ ತಪ್ಪದು' ಎಂದೇ ಬರೆಸಿ. ಸಹಿಗೆ ಮುನ್ನ ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿಸಿ.

ಕೊಳ್ಳುವವರೂ ನೆನಪಿಡಿ: ಖರೀದಿ ಕೇಳುವ ದಾವೆಗೆ 3 ವರ್ಷದ ಗಡುವಿದೆ. ಉಳಿದ ಹಣ ಕೊಡಲು ನೀವು ಸಿದ್ಧರಿದ್ದುದನ್ನೂ ತೋರಿಸಬೇಕು. ತಿಳಿಯದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಪುಕ್ಕಟೆ.

ಒಂದು ಸಾಲು ಹೆಚ್ಚು ಬರೆಸಿದರೆ ಕಾಗದ ಸವೆಯದು. ಬರೆಸದೆ ಹೋದರೆ ಹೊಲವೇ ಸವೆದೀತು.