ಹೊಟ್ಟೆನೋವಿನ ನೆಪ



"ಎಷ್ಟೋ ತಪ್ಪು ಮಾಡಿದ್ದೇನೆ ಆಂಟಿ, ದೇವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ನಿಮಗೆ ಜಗನ್ನಾಥದಾಸರ (1728–1809) ಕಥೆ ಹೇಳಬೇಕು. ಊರು ರಾಯಚೂರು ಜಿಲ್ಲೆಯ ಮಾನ್ವಿ. ಆ ಸೀಮೆಯ ತುಂಗಭದ್ರೆಯೇ ಕೃಷ್ಣೆಯನ್ನು ಸೇರಿ ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ಬರುವುದು. ವಿಶಾಖಪಟ್ಟಣದವರು ಹೊಟ್ಟೆಕಿಚ್ಚು ಪಡಬೇಡಿ, ನಿಮಗೆ ಸಮುದ್ರವಿದೆ!

ಮೊದಲು ಅವರು ಶ್ರೀನಿವಾಸಾಚಾರ್ಯರು, ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುವ ದಾಸರೆಂದರೆ ತಾತ್ಸಾರ. (ಇಂಗ್ಲಿಷ್ ಕಲಿತು ಕನ್ನಡಕ್ಕೆ ಮೂಗು ಮುರಿಯುವ ರೋಗ ಹೊಸದೇನಲ್ಲ.) ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡರೆಂದು ದಾಸಪರಂಪರೆ ಹೇಳುತ್ತದೆ. ನೋವು ನಿಜವಾಗಿಯೇ ಬಂತು, ಯಾವ ಔಷಧಕ್ಕೂ ಬಗ್ಗಲಿಲ್ಲ. ಕೊನೆಗೆ ವಿಜಯದಾಸರ ಬಳಿಗೇ ಹೋದರು. ಅವರು ಶಿಷ್ಯ ಗೋಪಾಲದಾಸರಲ್ಲಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷವನ್ನೇ ಧಾರೆಯೆರೆದರಂತೆ.

ಕಥೆ ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕನ್ನಡವನ್ನು ಹಳಿದ ಬಾಯಿಂದಲೇ ದೇವರು 'ಹರಿಕಥಾಮೃತಸಾರ' ಹೇಳಿಸಿದ. ಭಾಮಿನಿ ಷಟ್ಪದಿಯ 32 ಸಂಧಿಗಳು! ಹೆಚ್ಚು ಯೋಗ್ಯರು ಆಗ ಬೇರೆ ಯಾರೂ ಇರಲಿಲ್ಲವೇ? ಇದ್ದರು. ಆದರೂ ನೆಪ ಹೇಳಿದವರನ್ನು ಅವನು ಕೈಬಿಡಲಿಲ್ಲ.

ಬರುವ ಏಕಾದಶಿಯಂದು ಅಜ್ಜಿಯ ಪಕ್ಕ ಕೂತು ಒಂದು ಸಂಧಿ ಕೇಳಿಸಿಕೊಳ್ಳಿ. ಓದಲು ಬಾರದಿದ್ದರೂ ಪರವಾಗಿಲ್ಲ.