ಉಚಿತ ಜಾಲತಾಣ ತಂತ್ರಾಂಶ: ಬೆಲೆಗಿಂತ ಒಡೆತನ ಮುಖ್ಯ

ತಮ್ಮ ಸಂಸ್ಥೆಗೊಂದು ಜಾಲತಾಣ ಬೇಕೆಂದು ವಿಚಾರಿಸುವ ಸಣ್ಣ ಉದ್ಯಮಿಗಳಿಗೆ ಇಂದು ಮೊದಲು ಕೇಳಿಬರುವ ಹೆಸರು ವರ್ಡ್‌ಪ್ರೆಸ್. 2003ರ ಮೇ 27ರಂದು ಬಿಡುಗಡೆಯಾದ ಈ ಉಚಿತ ತಂತ್ರಾಂಶವನ್ನು ಜಗತ್ತಿನ ಜಾಲತಾಣಗಳ ಪೈಕಿ ಶೇ. 40ಕ್ಕೂ ಹೆಚ್ಚಿನವು ಬಳಸುತ್ತಿವೆಯೆಂದು ಸಮೀಕ್ಷೆಗಳು ತಿಳಿಸುತ್ತವೆ. 2001ರ ಡ್ರೂಪಲ್, 2005ರ ಜೂಮ್ಲಾ ಇದೇ ವರ್ಗಕ್ಕೆ ಸೇರಿದವು. ಬಿಟ್ಟಿ ದೊರೆಯುವುದರಿಂದಲೇ ಇವು ಜನಪ್ರಿಯವಾದವು ಎಂಬ ಅಭಿಪ್ರಾಯ ಅರ್ಧಸತ್ಯ ಮಾತ್ರ.

ಹಿಂದೆ ಬೆಲೆಪಟ್ಟಿಯ ಒಂದು ಸಾಲು ಬದಲಾಗಬೇಕಾದರೂ ಜಾಲತಾಣ ರೂಪಿಸಿದವರನ್ನೇ ಕಾಯಬೇಕಾಗಿತ್ತು. ಈ ತಂತ್ರಾಂಶಗಳು ವಿಷಯವನ್ನು ದತ್ತಸಂಚಯದಲ್ಲಿಯೂ ವಿನ್ಯಾಸವನ್ನು ಪ್ರತ್ಯೇಕವಾಗಿಯೂ ಇರಿಸುತ್ತವೆ. ಆದ್ದರಿಂದ ಪತ್ರ ಬೆರಳಚ್ಚಿಸಬಲ್ಲ ಗುಮಾಸ್ತರೇ ಹೊಸ ದರ, ಹೊಸ ಸರಕಿನ ಚಿತ್ರಗಳನ್ನು ಸೇರಿಸಬಹುದು. ಯೂನಿಕೋಡ್‌ನಿಂದಾಗಿ ಕನ್ನಡದಲ್ಲಿಯೂ ಇದು ಸಾಧ್ಯ.

ಇದಕ್ಕಿಂತ ಮಹತ್ವದ್ದು ಪರವಾನಗಿಯ ಸ್ವರೂಪ. ಈ ಮೂರೂ ತಂತ್ರಾಂಶಗಳು ಜಿಪಿಎಲ್ ಪರವಾನಗಿಗೆ ಒಳಪಟ್ಟಿದ್ದು, ಯಾರು ಬೇಕಾದರೂ ಬಳಸಲು, ತಿದ್ದಲು, ಹಂಚಲು ಮುಕ್ತವಾಗಿವೆ. ಒಬ್ಬ ತಂತ್ರಜ್ಞರು ಕೆಲಸ ಬಿಟ್ಟರೆ ಅದೇ ತಂತ್ರಾಂಶ ಬಲ್ಲ ಮತ್ತೊಬ್ಬರು ಮುಂದುವರಿಸಬಹುದು. ಒಬ್ಬನೇ ಮಾರಾಟಗಾರನ ಹಂಗಿನಿಂದ ವ್ಯಾಪಾರಿಯನ್ನು ಬಿಡಿಸಿದ್ದೇ ಇವುಗಳ ನಿಜವಾದ ಆಕರ್ಷಣೆ.

ಆದರೆ ಉಚಿತವೆಂದರೆ ಖರ್ಚಿಲ್ಲವೆಂದಲ್ಲ. 2014ರ ಅಕ್ಟೋಬರ್ 15ರಂದು ಡ್ರೂಪಲ್‌ನಲ್ಲಿದ್ದ ಗಂಭೀರ ಭದ್ರತಾ ದೋಷವೊಂದು ಪ್ರಕಟವಾಯಿತು. ಪ್ರಕಟಣೆಯ 7 ಗಂಟೆಗಳೊಳಗೆ ದುರಸ್ತಿಯಾಗದ ತಾಣಗಳು ದಾಳಿಗೆ ತುತ್ತಾಗಿವೆಯೆಂದೇ ಭಾವಿಸಬೇಕೆಂದು ಅದರ ಭದ್ರತಾ ತಂಡವೇ ಎಚ್ಚರಿಸಿತು. ತಾಣ ಕಟ್ಟಿಸಿ ಮರೆತವರಿಗೆ ಇದೊಂದು ಪಾಠ.

ಆದುದರಿಂದ ಉದ್ಯಮಿ ಬಂಧುಗಳು ಮೂರು ಅಂಶಗಳನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಒಳಿತು. ಮೊದಲನೆಯದಾಗಿ, ಡೊಮೈನ್ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಬೇಕು. ತಂತ್ರಜ್ಞರ ಹೆಸರಿನಲ್ಲಿದ್ದರೆ ಮುಕ್ತ ತಂತ್ರಾಂಶವೂ ನಮ್ಮನ್ನು ಕಾಪಾಡದು. ಎರಡನೆಯದಾಗಿ, ನಿರ್ವಾಹಕ ಗುಪ್ತಪದ ಹಾಗೂ ತಾಣದ ನಿಯಮಿತ ಪ್ರತಿಗಳು ಮಾಲೀಕರ ವಶದಲ್ಲಿರಬೇಕು. ಮೂರನೆಯದಾಗಿ, ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸಲು ವಾರ್ಷಿಕ ನಿರ್ವಹಣಾ ವೆಚ್ಚವನ್ನು ಆಯವ್ಯಯದಲ್ಲಿ ತೆಗೆದಿರಿಸಬೇಕು.

ಇಂತಹ ಮಾದರಿ ಕರಾರುಪತ್ರವೊಂದನ್ನು ವಾಣಿಜ್ಯ ಮಂಡಳಿಗಳೇ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ ಬಹುದೊಡ್ಡ ಉಪಕಾರವಾದೀತು. ಅಂಗಡಿಯ ಬೀಗದಕೈಯನ್ನು ಪರರ ಕೈಗೊಪ್ಪಿಸಿ ನಿಶ್ಚಿಂತೆಯಿಂದ ಮನೆಗೆ ಹೋಗುವ ವ್ಯಾಪಾರಿ ಯಾರೂ ಇಲ್ಲ. ಜಾಲತಾಣವೂ ಒಂದು ಅಂಗಡಿಯೇ.