ಬಿಸಿಲಿನ ಸಂಪಾದನೆ, ಬ್ಯಾಟರಿಯ ಖರ್ಚು

ಮಕ್ಕಳೇ, ಚಕ್ರವಿರುವ ಮನೆಯನ್ನು ನೋಡಿದ್ದೀರಾ? ವ್ಯಾನಿನೊಳಗೇ ಹಾಸಿಗೆ, ಒಲೆ, ಪುಟ್ಟ ಫ್ರಿಜ್ ಎಲ್ಲ ಇರುತ್ತದೆ. ಇದೇ ಕ್ಯಾಂಪರ್ ವ್ಯಾನ್. ಹೊಳೆಯ ದಡದಲ್ಲಿ ಅದನ್ನು ನಿಲ್ಲಿಸಿದರೆ ಹತ್ತಿರದಲ್ಲಿ ಕರೆಂಟ್ ಕಂಬ ಇರುವುದಿಲ್ಲ. ಹಾಗಾದರೆ ದೀಪ ಉರಿಯುವುದು ಹೇಗೆ? ಛಾವಣಿಯ ಮೇಲಿನ ಸೌರ ಫಲಕ ಬಿಸಿಲನ್ನು ಕರೆಂಟಾಗಿಸುತ್ತದೆ. ಬ್ಯಾಟರಿ ಅದನ್ನು ರಾತ್ರಿಗೆ ಕೂಡಿಡುತ್ತದೆ. ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಪೆಟ್ಟಿಗೆ ಕಾವಲುಗಾರನಂತೆ ಕುಳಿತು, ಬ್ಯಾಟರಿಗೆ ಅತಿಯಾಗಿ ತುಂಬದಂತೆ ನೋಡಿಕೊಳ್ಳುತ್ತದೆ.

2021ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಸ್ಟೆಲ್ಲಾ ವೀಟಾ’ ಎಂಬ ಸೌರ ವ್ಯಾನ್ ಕಟ್ಟಿದರು. ನಿಂತಾಗ ಅದರ ಛಾವಣಿ ಮೇಲೇಳುತ್ತದೆ, ಫಲಕಗಳು ರೆಕ್ಕೆಯಂತೆ ಬಿಚ್ಚಿಕೊಂಡು 17.5 ಚದರ ಮೀಟರಿನಷ್ಟು ಹರಡುತ್ತವೆ. ಅವರು ಅದರಲ್ಲೇ ಸ್ಪೇನಿನ ದಕ್ಷಿಣ ತುದಿಯ ತಾರಿಫಾ ಊರು ಮುಟ್ಟಿದರು.

ನಮ್ಮ ಲೆಕ್ಕಕ್ಕೆ ಸಣ್ಣ ವ್ಯಾನೇ ಸಾಕು. ಅದರ ಮೇಲೆ 200 ವ್ಯಾಟ್‌ನ ಒಂದು ಫಲಕವಿದೆ ಎನ್ನೋಣ. ಐದು ಗಂಟೆ ಒಳ್ಳೆಯ ಬಿಸಿಲು ಬಿದ್ದರೆ 1000 ವ್ಯಾಟ್-ಗಂಟೆ, ಅಂದರೆ ಮನೆಯ ಬಿಲ್ಲಿನ ಒಂದು ಯೂನಿಟ್. ಧೂಳು, ಕಾವು, ತಂತಿಗಳಲ್ಲಿ ಸೋರಿದ್ದು ಕಳೆದು ಕೈಗೆ ಸುಮಾರು 700 ಸಿಕ್ಕಿತು ಎಂದುಕೊಳ್ಳಿ. ಇನ್ನು ಖರ್ಚು: ಫ್ರಿಜ್‌ಗೆ ದಿನಕ್ಕೆ 400, ಫ್ಯಾನಿಗೆ 160, ಎರಡು ಎಲ್‌ಇಡಿ ದೀಪಗಳಿಗೆ 40, ಮೂರು ಮೊಬೈಲ್‌ಗಳಿಗೆ 45. ಒಟ್ಟು 645. ಉಳಿದದ್ದು ಬರೀ 55!

ಈಗ ಅಪ್ಪ 1500 ವ್ಯಾಟ್‌ನ ಕೆಟಲ್‌ನಲ್ಲಿ ಹತ್ತು ನಿಮಿಷ ನೀರು ಕಾಯಿಸಿದರೆ? 250 ಹೋಯಿತು. ಚಹಾಕ್ಕೆ ಗ್ಯಾಸ್ ಒಲೆಯೇ ವಾಸಿ.

ಅಷ್ಟೊಂದು ಜಿಪುಣತನ ಏಕೆ ಎನ್ನುತ್ತೀರಾ? ನನ್ನಂಥ ಸಕ್ಕರೆ ಕಾಯಿಲೆಯ ಅಜ್ಜನೂ ಆ ವ್ಯಾನಿನಲ್ಲಿದ್ದಾನೆ ಎಂದುಕೊಳ್ಳಿ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಮರುದಿನ ಮೋಡ ಕವಿದರೆ ಫಲಕದ ಸಂಪಾದನೆ ತೀರಾ ಇಳಿಯುತ್ತದೆ. ಮರದ ನೆರಳು ನಮಗೆ ತಂಪು, ಫಲಕಕ್ಕೆ ಉಪವಾಸ. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆ ಹಿಡಿಸುತ್ತದೆ. ಆದರೆ ಅದು ಸೀಸ-ಆಮ್ಲದ್ದಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಪದೇಪದೇ ಬರಿದು ಮಾಡಿದರೆ ಅದರ ಆಯುಸ್ಸೇ ಕುಗ್ಗುತ್ತದೆ. ಹಾಗಾಗಿ ಕೈಯಲ್ಲಿರುವುದು 600. ಫ್ರಿಜ್ ಒಂದೇ ಓಡಿದರೆ ಅದು ಒಂದೂವರೆ ದಿನಕ್ಕೆ ಸಾಕು. ಫ್ಯಾನು, ದೀಪ, ಮೊಬೈಲ್ ಎಲ್ಲ ಸೇರಿದರೆ ಒಂದು ದಿನಕ್ಕೂ ಸಾಲದು. ಆದ್ದರಿಂದ ಯಾವುದನ್ನು ಮೊದಲು ಆರಿಸಬೇಕು, ಯಾವುದನ್ನು ಕೊನೆಯವರೆಗೂ ಆರಿಸಬಾರದು ಎಂದು ಮನೆಮಂದಿಯೆಲ್ಲ ಹೊರಡುವ ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಈ ವಾರದ ಕೆಲಸ: ಅಜ್ಜಿ-ತಾತನ ಜೊತೆ ಕೂತು ಮನೆಯ ಫ್ಯಾನು, ಟಿವಿ, ಮಿಕ್ಸಿಗಳ ಮೇಲೆ ಬರೆದಿರುವ ವ್ಯಾಟ್ ಓದಿ. ಅದನ್ನು ದಿನಕ್ಕೆ ಓಡುವ ಗಂಟೆಗಳಿಂದ ಗುಣಿಸಿ. ನಿಮ್ಮ ಮನೆಗೆ ದಿನಕ್ಕೆ ಒಂದೇ ಯೂನಿಟ್ ಸಿಕ್ಕರೆ ಏನನ್ನು ಉಳಿಸಿಕೊಳ್ಳುತ್ತೀರಿ, ಏನನ್ನು ಬಿಡುತ್ತೀರಿ? ಪಟ್ಟಿ ಮಾಡಿ. ತಾತನ ಪಟ್ಟಿಯೂ ನಿಮ್ಮ ಪಟ್ಟಿಯೂ ಬೇರೆಯಾದರೆ ಜಗಳ ಬೇಡ, ಕಾರಣ ಕೇಳಿ.